ಗದಗಿನಲ್ಲೊಂದು ಹಡಗು ಮುಳುಗಿಸುವ ಫಂಕ್ಷನ್

ಬೆಟಗೇರಿಯ ಹುಡುಗನೊಬ್ಬ ‘ಫ್ರೀಸಿವ್’ ಎಂಬ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟದ ಹಳೇ ಆವೃತ್ತಿಯ ಕೋಡ್ ಬಿಚ್ಚಿಕೊಂಡು ಚೊಕ್ಕ ಮಾಡಲು ಕೂತಿದ್ದಾನೆ. ಅವನ ಕರ್ಸರ್ ಅಳುಕಿ ನಿಂತದ್ದು ‘ಟ್ರೈರೀಮ್ ಲಾಸ್ ಪರ್ಸೆಂಟ್’ ಎಂಬ ಫಂಕ್ಷನ್, ಅಂದರೆ ಕೋಡಿನ ಒಂದು ತುಣುಕಿನ ಮುಂದೆ. ಆ ಹಿರಿಯ ಫಂಕ್ಷನ್ನನ್ನೇ ಮಾತಿಗೆಳೆದೆವು. ಬರೆದದ್ದು ಸಿ ಭಾಷೆಯಲ್ಲಾದರೂ ಹಿರಿಯರು ಮಾತಾಡಿದ್ದು ಅಪ್ಪಟ ಗದಗಿನ ಕನ್ನಡ.

ತಮ್ಮ ಕೆಲಸ?

ಹಡಗು ಮುಳುಗಸೂದ್ರಿ. ಟ್ರೈರೀಮ್ ಅಂದ್ರ ಹುಟ್ಟು ಹಾಕೂ ಹಳೇ ಹಡಗು. ದಂಡಿ ಬಿಟ್ಟು ನಡು ಸಮುದ್ರದಾಗ ಸರದಿ ಮುಗಿಸಿದ್ರ ಮುಳುಗೂ ಸಂಭವ ನೂರಕ್ಕ ಐವತ್ತು. ನೌಕಾವಿದ್ಯಾ ಕಲ್ತಿದ್ರ ಅರ್ಧ ರಿಯಾಯ್ತಿ. ಲೈಟ್‌ಹೌಸ್ ಕಟ್ಟಿಸಿದ್ರ ಪೂರಾ ಮಾಫಿ.

ಗದಗಿನಲ್ಲಿ ಸಮುದ್ರವೇ ಇಲ್ಲವಲ್ಲ?

ಕಾಯ್ದೆ ನಡಿಯಾಕ ನೀರು ಯಾಕ ಬೇಕ್ರಿ? ಮುಂಡರಗಿ ಕಡೆ ತುಂಗಭದ್ರಿಯೊಳಗ ಹರಿಗೋಲು ಕಂಡ್ರೂ ನನ್ನ ಕೈ ತುರಸ್ತೈತಿ.

ಎಲ್ಲಿಯವರು ತಾವು?

ಆಟ ಹುಟ್ಟಿದ್ದು 1995ರಾಗ, ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದಾಗ. ಮೂರು ಮಂದಿ ಹುಡುಗ್ರು ಬರದು 1996ಕ್ಕ ಊರಿಗೆಲ್ಲಾ ಹಂಚಿದ್ರು. ಆಮ್ಯಾಲ ಬಂದವ್ರೆಲ್ಲ ಒಂದೊಂದು ‘ಇಫ್’, ಅಂದ್ರ ‘ಹಿಂಗಿದ್ರ ಹಂಗ’ ಅನ್ನೂ ಷರತ್ತು, ಸೇರಿಸಿ ಹೋದ್ರು. ತಗದು ಹೋದವ್ರು ಕಡಿಮಿ.

ಅಷ್ಟೊಂದು ‘ಇಫ್’ ಬೇಕಿತ್ತೇ?

ನಿಮ್ಮ ಜಿಲ್ಲಾದ ನಕಾಶಿ ನೋಡಿ ಕೇಳ್ರಿ. ಬ್ರಿಟಿಷರ ಕಾಲಕ್ಕ ಗದಗ, ಮುಂಡರಗಿ ಅವ್ರದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಬಾಜೂಕಿನ ಶಿರಹಟ್ಟಿ ಸಾಂಗ್ಲಿಯವ್ರದು. ಒಂದು ಎತ್ತಿನ ಗಾಡಿ ಈ ನಾಲ್ಕೂರು ತಿರುಗಿ ಬಂದ್ರ ಎಷ್ಟು ‘ಇಫ್’ ದಾಟಬೇಕಿತ್ತು ಲೆಕ್ಕಾ ಹಾಕ್ರಿ! 1948ರ ಮಾರ್ಚ್ 8ಕ್ಕ ಎರಡೂ ಸಂಸ್ಥಾನ ಮುಂಬೈ ಪ್ರಾಂತದಾಗ ಕೂಡಿದ್ವು. ಅದು ನೋಡ್ರಿ ಕೋಡ್ ಚೊಕ್ಕ ಮಾಡೂದು. ನಮ್ಮ ಹುಡುಗ ಮಾಡೂದು ಕಾಮೆಂಟಿನ ಕಾಗುಣಿತ ತಿದ್ದೂದು.

ಹೊಸ ಆವೃತ್ತಿಗಳಲ್ಲಿ?

ನಿಯಮ ಬಾಳಷ್ಟು ‘ರೂಲ್‌ಸೆಟ್’ ಅನ್ನೂ ಕಡತಕ್ಕ ಹೋಗ್ಯಾವ. ಸಿ ಬರದವ್ರೂ ಓದಿ ತಿದ್ದಬಹುದು. ಹೊಟ್ಟಿ ಉರದ್ರೂ ಒಪ್ಪತೀನ್ರಿ, ಅದು ಸರಿ. ಮುಳುಗಾವಗ ಕಾಯ್ದೆ ಮೊದಲ ಕಾಣಬೇಕು.

ಮತ್ತೆ ನಿಮ್ಮನ್ನೇಕೆ ಇನ್ನೂ ಅಳಿಸಿಲ್ಲ?

ನಿನ್ನೆ ರಾತ್ರಿ ಅಳಿಸಿದ್ನಲ್ರಿ! ನನ್ನ ಕರಿಯೂ ಸಾಲು ಸೈತ ತಗದ. ಕಂಪೈಲ್ ಆತು. ಖುಷಿಗೆ ಮಿರ್ಚಿ, ಗಿರ್ಮಿಟ್ ತರಿಸಿದ. ಆಟ ಹಚ್ಚಿ ನೋಡ್ತಾನ, ಕಂಪ್ಯೂಟರ್ ಆಡಸೂ ರಾಜರ ಹಡಗು ಒಂದೂ ದಂಡಿ ಬಿಡವಲ್ವು! ಮುಳುಗಸಾಂವ ಹೋಗಿದ್ದ, ಮುಳುಗೂ ಹೆದರಿಕಿ ಹೋಗಿರಲಿಲ್ಲ. ಎಐ ಕೋಡಿನಾಗ ಅದರದೊಂದು ನಕಲು, ದಾರಿ ಹುಡುಕೂ ಕೋಡಿನಾಗ ಇನ್ನೊಂದು.

ಆ ನಕಲುಗಳನ್ನೂ ಅಳಿಸಿದನೇ?

ಎಲ್ಲಿದು! ಬೆಳಗಿನ ಮೂರಕ್ಕ ನನ್ನನ್ನ ವಾಪಸ್ ತಂದು ಕುಂದರಿಸಿದ. ತಲಿ ಮ್ಯಾಲ ಹೊಸಾ ಕಾಮೆಂಟು ಬರದಾನ: ‘ಸದ್ಯಕ್ಕೆ ಇರಲಿ.’ ಪಗಾರ ಇಲ್ಲ, ಆದ್ರ ಕೆಲಸಾ ಕಾಯಂ ಆತ್ರಿ.