ಗಡ್ಡ ಅಂಟಿಸಿಕೊಂಡ ಪ್ರೇಕ್ಷಕರು

ಕ್ರಿಸ್ಟೋಫರ್ ನೋಲನ್ 2006ರಲ್ಲಿ ತೆಗೆದ ‘ದಿ ಪ್ರೆಸ್ಟೀಜ್’ ಸಿನಿಮಾದ ಗುಟ್ಟನ್ನು ಬಿಡಿಸಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಬೇಡವೆಂದರೂ ಹೇಳಿಯೇ ತೀರುತ್ತಾರೆ. ನನ್ನ ಕುತೂಹಲವೆಲ್ಲ ಅದರಲ್ಲಿ ಬರುವ ಗಡ್ಡಗಳ ಮೇಲೆ.

ವಿಕ್ಟೋರಿಯಾ ಕಾಲದ ಲಂಡನ್. ಆಂಜಿಯರ್, ಬಾರ್ಡನ್ ಎಂಬ ಇಬ್ಬರು ಜಾದೂಗಾರರು. ನೀರಿನ ತೊಟ್ಟಿಯ ಆಟದಲ್ಲಿ ಆಂಜಿಯರನ ಹೆಂಡತಿ ಸತ್ತ ಮೇಲೆ ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು. ಆದರೂ ಇವನ ಆಟಕ್ಕೆ ಅವನು, ಅವನ ಆಟಕ್ಕೆ ಇವನು ಗಡ್ಡ ಅಂಟಿಸಿಕೊಂಡು ಹೋಗುತ್ತಾರೆ. ಹೋದವರು ಸುಮ್ಮನಿರುತ್ತಾರೆಯೇ? ಒಬ್ಬ ಗುಂಡು ಹಿಡಿಯುವ ಆಟದಲ್ಲಿ ಎದುರಾಳಿಯ ಎರಡು ಬೆರಳು ಹಾರಿಸುತ್ತಾನೆ. ಇನ್ನೊಬ್ಬ ಪಂಜರ ಮಾಯವಾಗುವ ಆಟವನ್ನು ಹಾಳುಗೆಡವಿ ಬರುತ್ತಾನೆ. ಅದಿರಲಿ, ನಮ್ಮಂಥವರು ಚಪ್ಪಾಳೆ ತಟ್ಟಿ, ಹೊರಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಅರ್ಧ ಮರೆತಿರುತ್ತೇವೆ. ಹೊಟ್ಟೆಕಿಚ್ಚಿನವನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಾನೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸುತ್ತಾನೆ, ಎದುರಾಳಿಯ ದಿನಚರಿ ಸಿಕ್ಕರೆ ಪರೀಕ್ಷೆಗೆ ಕೂತವನಂತೆ ಓದುತ್ತಾನೆ. ಇಷ್ಟು ಶ್ರದ್ಧೆಯ ರಸಿಕ ಯಾವ ಕಲಾವಿದನಿಗೆ ಸಿಕ್ಕಾನು!

ನನಗೆ ಆಂಜಿಯರನ ಮೇಲೆ ಕನಿಕರ ಹುಟ್ಟುವುದು ಅವನ ಹೆಂಡತಿ ಸತ್ತಾಗಲೂ ಅಲ್ಲ, ಕ್ಷಮಿಸಿ. ತನ್ನಂತೆಯೇ ಕಾಣುವ ಕುಡುಕ ನಟನೊಬ್ಬ ಮೇಲೆ ಚಪ್ಪಾಳೆ ಗಿಟ್ಟಿಸುತ್ತಿರುವಾಗ ವೇದಿಕೆಯ ಕೆಳಗೆ ನಿಂತು, ಯಾರೂ ಇಲ್ಲದ ಕತ್ತಲಿಗೆ ತಲೆಬಾಗಿ ವಂದಿಸುತ್ತಾನಲ್ಲ, ಆಗ.

ಇದೆಲ್ಲ ಸಿನಿಮಾದ ಉತ್ಪ್ರೇಕ್ಷೆ ಅನ್ನೋಣವೆಂದರೆ ಅದರಲ್ಲೇ ಚುಂಗ್ ಲಿಂಗ್ ಸೂ ಎಂಬ ಚೀನೀ ಜಾದೂಗಾರ ಬರುತ್ತಾನೆ. ನಿಲುವಂಗಿಯೊಳಗೆ ಕಾಲುಗಳ ನಡುವೆ ಮೀನಿನ ಬೋಗುಣಿ ಅಡಗಿಸಿಕೊಳ್ಳುವವನು. ಅದು ಗೊತ್ತಾಗಬಾರದೆಂದು ರಸ್ತೆಯಲ್ಲೂ ಮುದುಕನಂತೆ ತೆವಳುವವನು. ನಿಜದ ಸೂ ಚೀನೀಯನೇ ಅಲ್ಲ, ಅಮೆರಿಕದ ವಿಲಿಯಂ ರಾಬಿನ್ಸನ್. ಅಸಲಿ ಚೀನೀ ಜಾದೂಗಾರ ಚಿಂಗ್ ಲಿಂಗ್ ಫೂನ ಹೆಸರನ್ನೂ ವೇಷವನ್ನೂ ಹೋಲುವಂತೆ ತನ್ನವನ್ನು ಹೊಂದಿಸಿಕೊಂಡಿದ್ದ. ತಲೆ ಬೋಳಿಸಿ, ಜಡೆ ಇಳಿಬಿಟ್ಟು, ಪತ್ರಕರ್ತರೊಡನೆ ದುಭಾಷಿಯ ಮೂಲಕ ಮಾತಾಡುತ್ತಿದ್ದ. ಅವನ ಸಂಗಾತಿಯೂ ಚೀನೀ ಹೆಸರಿನಲ್ಲೇ ವೇದಿಕೆ ಹತ್ತುತ್ತಿದ್ದಳು. 1918ರ ಮಾರ್ಚಿನಲ್ಲಿ ಲಂಡನ್ನಿನ ವುಡ್ ಗ್ರೀನ್ ಎಂಪೈರ್ ರಂಗಮಂದಿರದಲ್ಲಿ ಗುಂಡು ಹಿಡಿಯುವ ಆಟ ಕೈಕೊಟ್ಟು, ಗುಂಡು ಎದೆಗೇ ಹೊಕ್ಕಾಗ ಮಾತ್ರ ಪರದೆ ಇಳಿಸಲು ಇಂಗ್ಲಿಷಿನಲ್ಲಿ ಕೂಗಿದ. ಮರುದಿನ ತೀರಿಕೊಂಡ.

ಆದರೆ ಅವನ ಬಾಳಿನ ದೊಡ್ಡ ಆಟ ನಡೆದದ್ದು 1905ರಲ್ಲಿ. ಆಗ ಸೂ, ಫೂ ಇಬ್ಬರೂ ಲಂಡನ್ನಿನಲ್ಲೇ ಇದ್ದರು. ಇವನು ನಕಲಿ, ನನ್ನ ಜಾದೂಗಳನ್ನು ಮಾಡಿ ತೋರಿಸಲಿ ನೋಡೋಣ ಎಂದು ಫೂ ಸವಾಲು ಹಾಕಿದ. ಪತ್ರಿಕೆಯೊಂದು ಮಧ್ಯಸ್ಥಿಕೆಗೆ ಬಂತು. ಗೊತ್ತುಮಾಡಿದ ದಿನ ನಕಲಿ ಚೀನೀಯ ಹಾಜರ್, ಅಸಲಿ ಚೀನೀಯ ನಾಪತ್ತೆ! ಮೊದಲು ಅವನು ಚೀನೀಯನೆಂದು ಸಾಬೀತು ಮಾಡಲಿ, ಜಾದೂ ಆಮೇಲೆ ಎನ್ನುವುದು ಫೂನ ಪಟ್ಟು. ನ್ಯಾಯವಾದ ಪಟ್ಟೇ. ಆದರೆ ಟಿಕೆಟ್ಟು ಕೊಂಡು ಬಂದ ಲಂಡನ್ನಿನವರಿಗೆ ಯಾರ ಊರು ಯಾವುದಾದರೇನು? ಸೂನ ಆಟ ಮುಂದೆ 13 ವರ್ಷ ನಡೆಯಿತು.