ಏರಿಯಪ್ಪನವರು

ಏರಿಯಪ್ಪನವರು ಮನೆ ಹುಡುಕುತ್ತಿಲ್ಲ. ಮನೆಯನ್ನು ಯಾರು ಬೇಕಾದರೂ ಹುಡುಕಬಹುದು, ಅದಕ್ಕೆ ಬ್ರೋಕರ್‌ಗಳಿದ್ದಾರೆ. ಇವರು ಹುಡುಕುತ್ತಿರುವುದು ಏರಿಯಾ. ಬೆಂಗಳೂರಿಗೆ ವರ್ಗವಾಗಿದೆ. ಯುಕೆಜಿಯ ಮಗ, ಆಗತಾನೇ ಮಾತು ಕಲಿತು ಯಾರಿಗೂ ಬಿಡುವು ಕೊಡದ ಮಗಳು, ಮಾತು ಕಲಿತಿದ್ದರೂ ಗಂಡನಿಂದಾಗಿ ಅವಕಾಶ ಸಿಗದ ಹೆಂಡತಿ, ಇಷ್ಟು ಸಂಸಾರ. ಹುಬ್ಬಳ್ಳಿಯಿಂದ ಬಂದಿರಲಿ, ಪುಣೆಯಿಂದ ಬಂದಿರಲಿ, ನ್ಯೂಜೆರ್ಸಿಯಿಂದ ವಾಪಸಾಗಿರಲಿ, ನಿಮ್ಮ ಆಫೀಸಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತು, "ಸರ್, ನೀವಿರೋದು ಎಲ್ಲಿ?" ಎಂದು ಕೇಳಿದರೆಂದರೆ ಅವರೇ. ನೀವು ನಾಗರಬಾವಿ ಎಂದಿರೋ, ತಕ್ಷಣ ಎರಡನೇ ಪ್ರಶ್ನೆ: "ಅಲ್ಲಿ ಮಕ್ಕಳಿಗೆ ಹೇಗೆ?"

ನಿಮ್ಮ ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಬಿದ್ದು ಎದ್ದು, ಈಗ ಇಂಜಿನಿಯರಿಂಗ್ ಓದುತ್ತಿದ್ದಾರೆ ಎಂದರೆ ಅವರಿಗೆ ಸಾಲದು. ಅವರ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಅಡ್ಡಕ್ಕೆ ಶಾಲೆ, ಪಾರ್ಕು, ಮಕ್ಕಳ ಡಾಕ್ಟರು, ಕಾವೇರಿ ನೀರು, ಬೀದಿನಾಯಿ, ಮೆಟ್ರೊ, ಫುಟ್‌ಪಾತು, ಕೊನೆಯಲ್ಲಿ 'ವಾತಾವರಣ'. ಉದ್ದಕ್ಕೆ ಜಯನಗರದಿಂದ ಹಿಡಿದು ಯಲಹಂಕದವರೆಗೆ. 'ವಾತಾವರಣ' ಅಂದರೇನು ಎಂದು ಕೇಳಿದರೆ, "ಅದೇ ಸರ್, ಒಂಥರಾ ವಾತಾವರಣ" ಎನ್ನುತ್ತಾರೆ. ಬೇರೆಲ್ಲ ಕಾಲಂಗಳಿಗೆ ಹತ್ತು ಅಂಕ, ಅದೊಂದಕ್ಕೆ ಇಪ್ಪತ್ತು.

ಶೀಟಿನ ಮೊದಲ ಸಾಲು ಜಯನಗರ. 1948ರಲ್ಲಿ ಅಡಿಗಲ್ಲು ಬಿದ್ದ, ಬ್ಲಾಕು ಮೇನು ಕ್ರಾಸು ಎಂದು ಅಳೆದು ಕಟ್ಟಿದ ಬಡಾವಣೆ. ಮರದ ನೆರಳು, ಕಾಂಪ್ಲೆಕ್ಸು, ಕೂಗಳತೆಯಲ್ಲಿ ಪಾರ್ಕು. ಏರಿಯಪ್ಪನವರು ಮಗನ ಕೈ ಹಿಡಿದುಕೊಂಡು ಪಾರ್ಕಿನ ಗೇಟಿಗೆ ಹೋದರು. ಅಲ್ಲೊಂದು ಬೋರ್ಡು. ಚೆಂಡಾಟ ನಿಷೇಧಿಸಲಾಗಿದೆ. ಸೈಕಲ್ ತರಬಾರದು. ಹುಲ್ಲಿನ ಮೇಲೆ ನಡೆಯಬಾರದು. "ಹಾಗಾದ್ರೆ ಮಗು ಇಲ್ಲಿ ಏನು ಮಾಡ್ಬೇಕಪ್ಪ?" ಎಂದು ವಾಚ್‌ಮನ್‌ನನ್ನು ಕೇಳಿದರು. "ವಾಕಿಂಗ್ ಮಾಡ್ಬೋದು ಸಾರ್" ಎಂದನಂತೆ.

ಆದರೂ ಮನಸ್ಸು ತಡೆಯದೆ ಒಂದು ಮನೆ ನೋಡಿದರು. ಗೇಟಿನ ಮೇಲೆ 'ಮನೆ ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ' ಎಂಬ ಫಲಕ. ಇದಪ್ಪಾ ಸಂಸಾರವಂದಿಗರ ಏರಿಯಾ ಎಂದು ಹಿಗ್ಗುತ್ತ ಒಳಗೆ ಕಾಲಿಟ್ಟರೆ, ಕೆಳಗಿನ ಮನೆಯ ಓನರ್ ಅಮ್ಮ ಕನ್ನಡಕ ಏರಿಸಿ ಕೂತಿದ್ದರು.

"ಎಷ್ಟು ಜನ?"

"ನಾಲ್ಕು ಜನ, ಅಮ್ಮ. ಇಬ್ಬರು ಮಕ್ಕಳು."

"ಓಡ್ತಾವಾ?"

"ಸಣ್ಣವು ಅಮ್ಮ, ಓಡ್ತಾವೆ."

"ಅಲ್ಲಾ, ನಾವು ಕೆಳಗಿರೋದು ನೋಡಿ."

ಹತ್ತು ತಿಂಗಳ ಅಡ್ವಾನ್ಸ್ ಕೊಡಲು ಅವರು ತಯಾರಿದ್ದರು, ಓಡದ ಮಕ್ಕಳನ್ನು ಒದಗಿಸಲು ಆಗಲಿಲ್ಲ. ಹೆಣ್ಣು ನೋಡಲು ಹೋದ ದಿನವೂ ತಮ್ಮ ಕುಲಗೋತ್ರವನ್ನು ಯಾರೂ ಇಷ್ಟು ಜಾಲಾಡಿರಲಿಲ್ಲ ಎಂದು ಬೇಸರಪಟ್ಟುಕೊಂಡು, ಜಯನಗರದ 'ವಾತಾವರಣ'ಕ್ಕೆ ಇಪ್ಪತ್ತಕ್ಕೆ ಹನ್ನೊಂದು ಕೊಟ್ಟರು.

ಅಲ್ಲಿಂದ ಸವಾರಿ ವೈಟ್‌ಫೀಲ್ಡಿಗೆ. ಇಲ್ಲಿಗೆ ಬರುವ ಮುನ್ನ ಅವರು ಇತಿಹಾಸವನ್ನೂ ಓದಿಕೊಂಡಿದ್ದರು. 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ಕೊಟ್ಟ ಜಮೀನು ಅದು. ಪೇಟೆಯ ಗದ್ದಲದಿಂದ ದೂರ ಸಂಸಾರ ಹೂಡಿ ಬದುಕಲಿ ಎಂದು ಹುಟ್ಟಿದ ಊರು. "ನೋಡಿ ಸರ್, ಆಗಿನಿಂದಲೂ ಫ್ಯಾಮಿಲಿ ಏರಿಯಾನೇ" ಎಂದು ಏರಿಯಪ್ಪನವರು ನನಗೆ ಹೇಳಿದಾಗ, ಅವರು ಟಿನ್ ಫ್ಯಾಕ್ಟರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. 2023ರ ಅಕ್ಟೋಬರ್‌ನಿಂದ ಕಾಡುಗೋಡಿಯವರೆಗೂ ಮೆಟ್ರೊ ಓಡುತ್ತಿದೆಯಲ್ಲ ಎಂದರೆ, "ಅದರಲ್ಲಿ ಹೋದರೆ ರಸ್ತೆ ಹೇಗಿದೆ ಅಂತ ಗೊತ್ತಾಗಲ್ಲ ಸರ್" ಎಂದರು.

ಅಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ಎಲ್ಲವೂ ಇತ್ತು. ಕ್ಲಬ್ ಹೌಸು, ಜಾರುಬಂಡೆ, ಮಕ್ಕಳಿಗೆಂದೇ ಪುಟ್ಟ ಈಜುಕೊಳ. ಆದರೆ ಏರಿಯಪ್ಪನವರಿಗೆ 2024ರ ಬೇಸಿಗೆ ನೆನಪಿದೆ: ಬೋರುಗಳು ಬತ್ತಿ, ಟ್ಯಾಂಕರ್‌ಗೆ ಜನ ಸಾಲುಗಟ್ಟಿ, ಕುಡಿಯುವ ನೀರನ್ನು ಈಜುಕೊಳಕ್ಕೆ ಬಿಡಬೇಡಿ ಎಂದು ಜಲಮಂಡಳಿಯೇ ಆದೇಶ ಹೊರಡಿಸಿದ ಬೇಸಿಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಎಂದಾಯಿತು. ಅವರು ಅಸೋಸಿಯೇಷನ್ನಿನ ಕಾರ್ಯದರ್ಶಿಯನ್ನು ಕೇಳಿದರು, "ಕಾವೇರಿ ಬಂದಿದೆಯಾ?" ಕಾರ್ಯದರ್ಶಿ ತೂಕದ ಮನುಷ್ಯ. "ಪೈಪ್ ಬಂದಿದೆ" ಎಂದರು. ಏರಿಯಪ್ಪನವರು ಹೊರಗೆ ನಿಂತಿದ್ದ ಟ್ಯಾಂಕರ್ ಡ್ರೈವರ್‌ನನ್ನು ವಿಚಾರಿಸಿದರು. "ನೀವು ಬನ್ನಿ ಸಾರ್, ನಾವಿದ್ದೀವಿ" ಎಂದು ಅವನು ಧೈರ್ಯ ತುಂಬಿದ.

ಆ ಕಡೆ ಶಾಲೆಗಳು ಬೇಕಾದಷ್ಟಿವೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ, 2025ರಲ್ಲಿ ಒಂದು ವರ್ಷದ ಮಟ್ಟಿಗೆ ಕೊಟ್ಟ ಐದೂವರೆಯ ಆಸುಪಾಸಿನ ಸಡಿಲಿಕೆ, ಎರಡೂ ಏರಿಯಪ್ಪನವರಿಗೆ ಬಾಯಿಪಾಠ. ಅವರನ್ನು ತಡೆದದ್ದು ಚಿರತೆ. 2016ರ ಫೆಬ್ರವರಿಯ ಒಂದು ಭಾನುವಾರ ಅಲ್ಲಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತೆಂದು ಯಾರೋ ಹೇಳಿಬಿಟ್ಟರು. ಬೆಂಗಳೂರಿನಲ್ಲಿ ಡೊನೇಶನ್ನಿಲ್ಲದೆ, ಅಪ್ಪ ಅಮ್ಮನ ಇಂಟರ್‌ವ್ಯೂ ಇಲ್ಲದೆ ಶಾಲೆಯೊಳಕ್ಕೆ ನೇರ ಪ್ರವೇಶ ಪಡೆದದ್ದು ಅದೊಂದೇ ಇರಬೇಕು ಎಂದು ನಾವು ನಕ್ಕೆವು. ಅವರು ನಗಲಿಲ್ಲ. ಬೀದಿನಾಯಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿದರು.

ಸರ್ಜಾಪುರ ರಸ್ತೆಯನ್ನು ಅವರು ನೋಡಿದ್ದು ಮಳೆಯಲ್ಲಿ, ಬೇಕೆಂದೇ. ಮಳೆ ಬರುವಾಗ ನೋಡದ ಏರಿಯಾ ಏರಿಯಾವೇ ಅಲ್ಲ ಎಂಬುದು ಅವರ ಸಿದ್ಧಾಂತ. 2022ರ ಸೆಪ್ಟೆಂಬರ್‌ನಲ್ಲಿ ಆ ಕಡೆಯ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಬಂದ ಚಿತ್ರಗಳು ಅವರ ಮೊಬೈಲಿನಲ್ಲಿ ಇವತ್ತಿಗೂ ಇವೆ. ಪ್ಯಾಂಟು ಮಡಚಿ, ಕೊಡೆ ಹಿಡಿದು, ದಾರಿಹೋಕರನ್ನೆಲ್ಲ "ಇಲ್ಲಿ ಮೊದಲು ಕೆರೆ ಇತ್ತಾ?" ಎಂದು ಕೇಳುತ್ತ ನಡೆದರು. ಒಬ್ಬ ಹಿರಿಯರು ನಿಂತು ಉತ್ತರ ಕೊಟ್ಟರಂತೆ: "ಅಲ್ಲಪ್ಪ, ನೀನು ಬಸ್ ಇಳಿದ ಮೆಜೆಸ್ಟಿಕ್ಕೇ ಧರ್ಮಾಂಬುಧಿ ಕೆರೆ. ಕೆರೆ ಇಲ್ಲದ ಜಾಗ ಬೇಕಾದ್ರೆ ಬೆಂಗಳೂರಿಗೆ ಯಾಕೆ ಬಂದೆ?"

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ದಿನ ಎಲೆಕ್ಟ್ರಾನಿಕ್ ಸಿಟಿ ರಾತ್ರೋರಾತ್ರಿ ಮೂರನೇ ಸ್ಥಾನಕ್ಕೆ ಜಿಗಿಯಿತು. ರೈಲು ಇಪ್ಪತ್ತೈದು ನಿಮಿಷಕ್ಕೊಂದು ಎಂದು ತಿಳಿದ ದಿನ ಕೆಳಗಿಳಿಯಿತು. ಯಲಹಂಕಕ್ಕೆ ಗಾಳಿ ಚೆನ್ನಾಗಿದೆ ಎಂದು ಒಂಬತ್ತು ಕೊಟ್ಟವರು, ಹೆಬ್ಬಾಳದ ಫ್ಲೈಓವರ್ ದಾಟಿ ವಾಪಸ್ ಬರುವಷ್ಟರಲ್ಲಿ ಅದನ್ನು ಐದು ಮಾಡಿದ್ದರು. ಮಲ್ಲೇಶ್ವರದಲ್ಲಿ ಎಲ್ಲ ಸರಿಯಿತ್ತು, ಬಾಡಿಗೆ ಕೇಳಿದ ಮೇಲೆ ಶೀಟಿನ ಆ ಸಾಲೇ ಕಾಣೆಯಾಯಿತು.

ಇಷ್ಟರಲ್ಲಿ ಮಕ್ಕಳು ಸುಮ್ಮನಿರುತ್ತಾರೆಯೇ, ಬೆಳೆಯುತ್ತಾರೆ. ಪ್ಲೇಹೋಂ ಎಂದಿದ್ದ ಕಾಲಂ ಅಬ್ಯಾಕಸ್ ಆಯಿತು. ಮರಳುಗುಂಡಿಯನ್ನು ಅಳಿಸಿ ಸ್ಕೇಟಿಂಗ್ ಎಂದು ಬರೆದರು. ಅಪ್ಪನ ಶೀಟಿನಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಜಾಗವಿರಲಿಲ್ಲವಾದ್ದರಿಂದ ಅವರೂ ತಮ್ಮದೇ ಪರೀಕ್ಷೆ ನಡೆಸಿಕೊಂಡಿದ್ದರು. ಮಗನದು ಒಂದೇ ಪ್ರಶ್ನೆ: ಲಿಫ್ಟಿನ ಬಟನ್ ನನಗೆ ಎಟುಕುತ್ತಾ? ಮಗಳದೂ ಒಂದೇ: ನಾಯಿಮರಿ ಇದೆಯಾ?

ಕೊನೆಗೆ ಕನಕಪುರ ರಸ್ತೆ. ಹಸಿರು ಮೆಟ್ರೊ 2021ರಲ್ಲೇ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ ಎಂದು ಶುರುಮಾಡಿದ ಏರಿಯಪ್ಪನವರು, ಬ್ರೋಕರ್ ಬೀಗ ತೆಗೆಯುವಷ್ಟರಲ್ಲಿ ಬನ್ನೇರುಘಟ್ಟದ ಕಾಡಿಗೂ ಅಲ್ಲಿಗೂ ಎಷ್ಟು ದೂರ ಎಂಬಲ್ಲಿಗೆ ಬಂದಿದ್ದರು, ಚಿರತೆಯ ಕಾಲಂ ತುಂಬಬೇಕಲ್ಲ. ಹೆಂಡತಿ ಒಳಗೆ ಹೋಗಲೇ ಇಲ್ಲ. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದು ಬಂದರು.

"ರೀ, ಇದನ್ನೇ ಹಿಡೀರಿ."

"ಇನ್ನೂ ಅಡುಗೆಮನೆ ನೋಡಿಲ್ಲವಲ್ಲೇ?"

"ಮೂರು ಮನೆ ಮುಂದೆ ಸಣ್ಣ ಚಪ್ಪಲಿ ಇವೆ. ಒಂದು ಕಡೆ ಮೂರು ಚಕ್ರದ ಸೈಕಲ್ಲೂ ಇದೆ. ಇನ್ನೇನು ನೋಡೋದು?"

ಶೀಟಿನಲ್ಲಿ ಚಪ್ಪಲಿಗೆ ಕಾಲಂ ಇರಲಿಲ್ಲ. ಆದರೆ ಮಗ ಆಗಲೇ ಯಾವುದೋ ಹುಡುಗನ ಜೊತೆ ಮೆಟ್ಟಿಲಿಳಿದು ಮಾಯವಾಗಿದ್ದ. ಅಡ್ವಾನ್ಸ್ ಕೊಡುವುದನ್ನು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ.

ಇಲ್ಲಿಂದ ಏರಿಯಪ್ಪನವರ ಎರಡನೇ ಅವತಾರ. ಇಡೀ ಬೆಂಗಳೂರನ್ನು ಅನುಮಾನಿಸಿದ ಮನುಷ್ಯ ಈಗ ತಮ್ಮ ಏರಿಯಾದ ಮೇಲೆ ಒಂದು ಮಾತು ಬಿದ್ದರೂ ಸಹಿಸುವುದಿಲ್ಲ. ಬೇಸ್‌ಮೆಂಟಿಗೆ ಮಳೆನೀರು ನುಗ್ಗಿದರೆ "ಇದು ಎಲ್ಲ ಕಡೆ ಇದ್ದದ್ದೇ" ಎನ್ನುತ್ತಾರೆ. ಕರೆಂಟು ಹೋದರೆ "ಮಕ್ಕಳಿಗೆ ಕತ್ತಲೆಯ ಅಭ್ಯಾಸವೂ ಇರಬೇಕು" ಎನ್ನುತ್ತಾರೆ. ಆಫೀಸಿಗೆ ಎಷ್ಟು ಹೊತ್ತು ಎಂದರೆ "ಇಪ್ಪತ್ತೇ ನಿಮಿಷ" ಎನ್ನುತ್ತಾರೆ; ಅದು ಬೆಳಗಿನ ಜಾವ ಐದು ಗಂಟೆಯ ಲೆಕ್ಕ ಎಂದು ನಾವೇ ತಿಳಿದುಕೊಳ್ಳಬೇಕು. ಇವರ ಮಾತು ನಂಬಿ ಇವರ ಹಾಗೆಯೇ ಮಕ್ಕಳೊಂದಿಗರಾದ ನಾಲ್ಕಾರು ಮಂದಿ ಬಂದು ಸೇರಿಕೊಂಡರು. ಅವರ ಮಾತು ನಂಬಿ ಇನ್ನಷ್ಟು ಮಂದಿ. ಶಾಲೆಯಲ್ಲಿ ಸೀಟಿಲ್ಲ, ಲಿಫ್ಟಿಗೆ ಕ್ಯೂ, ಗೇಟಿನ ಮುಂದೆ ಬೆಳಿಗ್ಗೆ ಸಾಲಾಗಿ ಸ್ಕೂಲ್ ವ್ಯಾನು. "ಎಲ್ಲಿಂದ ಬರ್ತಾರೋ ಸರ್ ಇಷ್ಟು ಜನ, ಮಕ್ಕಳನ್ನು ಕಟ್ಟಿಕೊಂಡು!" ಎಂದು ಏರಿಯಪ್ಪನವರು ನಿಟ್ಟುಸಿರು ಬಿಡುತ್ತಾರೆ.

ನಿಟ್ಟುಸಿರಿನಿಂದ ಏನೂ ಆಗದೆಂದು ಅರಿತು ಅವರು ಅಸೋಸಿಯೇಷನ್ ಚುನಾವಣೆಗೆ ನಿಂತು ಗೆದ್ದರು. ಮೊದಲ ಸಭೆಯಲ್ಲೇ ಠರಾವು ಪಾಸಾಯಿತು. ಈಗ ಪ್ರತಿ ಅಂತಸ್ತಿನಲ್ಲೂ ಅವರ ಸಹಿಯ ಬೋರ್ಡು ತೂಗುತ್ತಿದೆ: ಚೆಂಡಾಟ ನಿಷೇಧಿಸಲಾಗಿದೆ. ಕಾರಿಡಾರಿನಲ್ಲಿ ಚಪ್ಪಲಿ, ಸೈಕಲ್ ಇಡಬಾರದು. ತಪ್ಪಿದಲ್ಲಿ ದಂಡ. ಮೊದಲ ದಂಡ ಬಿದ್ದದ್ದು ಅವರ ಮಗನಿಗೇ. ಅಪ್ಪ ಕಟ್ಟಿ, ರಶೀದಿ ಕೇಳಿ ಪಡೆದರು.

ಮೊನ್ನೆ ಅದೇ ಅಂತಸ್ತಿನಲ್ಲಿ ಖಾಲಿಯಾದ ಮನೆ ನೋಡಲು ಒಂದು ಸಂಸಾರ ಬಂದಿತ್ತು. ಆಕೆ ಕಂಕುಳಲ್ಲಿ ಮಗು ಎತ್ತಿಕೊಂಡು ಕಾರಿಡಾರಿನ ಉದ್ದಕ್ಕೂ ಕಣ್ಣಾಡಿಸಿ, "ರೀ, ಇಲ್ಲಿ ಮಕ್ಕಳೇ ಇದ್ದ ಹಾಗಿಲ್ಲ, ಬೇರೆ ಕಡೆ ನೋಡೋಣ" ಎಂದು ಗಂಡನನ್ನು ಕರೆದುಕೊಂಡು ಹೊರಟುಬಿಟ್ಟರಂತೆ. ಏರಿಯಪ್ಪನವರು ಇದನ್ನು ಮೆಚ್ಚುಗೆಯ ಮಾತೆಂದೇ ತಿಳಿದಿದ್ದಾರೆ. "ನೋಡಿ ಸರ್, ಅಷ್ಟು ನೀಟಾಗಿ ಇಟ್ಟಿದ್ದೀವಿ" ಎಂದು ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.