ಫ್ಲೆಕ್ಸ್ ಶಾಸನ: ಹೊಸೂರು ಸೀಮೆಯ ಒಂದು ಹಕ್ಕು ಸಮ್ಮೇಳನದ ಲಿಪಿಶಾಸ್ತ್ರೀಯ ಪರಿಶೀಲನೆ

ಕೃಷ್ಣಗಿರಿ ಜಿಲ್ಲೆ ವೀರಗಲ್ಲುಗಳ ಸೀಮೆ. ಹೊಲದ ಬದುವಿನಲ್ಲೋ ಕೆರೆಯ ಏರಿಯ ಮೇಲೋ ಹುಣಸೆಮರದ ಬುಡದಲ್ಲೋ ಕತ್ತಿ ಹಿಡಿದ ಒಬ್ಬ ವೀರ ಅರ್ಧ ಮಣ್ಣಲ್ಲಿ ಹೂತು ನಿಂತಿರುತ್ತಾನೆ. ತಮಿಳರು ಇದನ್ನು ನಡುಗಲ್ ಎನ್ನುತ್ತಾರೆ, ನಾವು ವೀರಗಲ್ಲು ಎನ್ನುತ್ತೇವೆ, ಎಮ್ಮೆ ಮಾತ್ರ ಯಾವ ಭಾಷೆಯ ಹಂಗೂ ಇಲ್ಲದೆ ಮೈ ಉಜ್ಜಿಕೊಳ್ಳುತ್ತದೆ. ಈ ಕಲ್ಲುಗಳ ಮೇಲೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ವೀರಗಲ್ಲಿನ ಪರಂಪರೆ ನಿಂತುಹೋಯಿತೆಂದು ಅವರು ತಿಳಿದದ್ದು ದೊಡ್ಡ ಪ್ರಮಾದ. ಅದು ಕಲ್ಲಿನಿಂದ ಫ್ಲೆಕ್ಸಿಗೆ ವರ್ಗವಾಗಿ ಇವತ್ತಿಗೂ ವೈಭವದಿಂದ ಸಾಗಿದೆ. ಪ್ರಸ್ತುತ ಪ್ರಬಂಧಕಾರನು ಬಾಗಲೂರು ರಸ್ತೆಯ ಒಂದು ಕಲ್ಯಾಣಮಂಟಪದಲ್ಲಿ, ಸಾಮಾಜಿಕ ನ್ಯಾಯ ಮತ್ತು ಮಾನವ ಹಕ್ಕುಗಳ ಸಮುದಾಯ ಸಮ್ಮೇಳನವೊಂದರ ವೇದಿಕೆಯ ಹಿಂಭಾಗದಲ್ಲಿ ಸ್ವಂತ ಕಣ್ಣಿನಿಂದ ಕಂಡ ಹನ್ನೆರಡಡಿ ಅಗಲ, ಎಂಟಡಿ ಎತ್ತರದ ಶಾಸನವೇ ಇದಕ್ಕೆ ಆಧಾರ.

ಕಾಲನಿರ್ಣಯ ಮೊದಲು. ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದ್ದು 1948ರ ಡಿಸೆಂಬರ್ 10ರಂದು. ಮಾನವ ಹಕ್ಕುಗಳ ದಿನವನ್ನು ಲೋಕವೆಲ್ಲ ಅಂದೇ ಆಚರಿಸುತ್ತದೆ. ನಮ್ಮ ಶಾಸನದಲ್ಲಿರುವುದು ಡಿಸೆಂಬರ್ ಕೊನೆಯ ಭಾನುವಾರ. ಈ ವ್ಯತ್ಯಾಸಕ್ಕೆ ತಾತ್ವಿಕ ಕಾರಣ ಹುಡುಕಿ ಎರಡು ದಿನ ಕಳೆದೆ. ಮಂಟಪದ ಮ್ಯಾನೇಜರು ಅರ್ಧ ನಿಮಿಷದಲ್ಲಿ ಬಿಡಿಸಿದರು: 10ನೇ ತಾರೀಕಿಗೆ ಮದುವೆಗಳಿರುತ್ತವೆ, 16ಕ್ಕೆ ಧನುರ್ಮಾಸ ಹುಟ್ಟಿದರೆ ಮಂಟಪ ಖಾಲಿ, ಬಾಡಿಗೆ ಅರ್ಧ. ಮನುಷ್ಯನ ಹಕ್ಕು ಮದುವೆಯಿಲ್ಲದ ತಿಂಗಳಲ್ಲಿ ಬರುತ್ತದೆ ಎಂಬುದು ಇದರಿಂದ ಸಿದ್ಧ. ವೇದಿಕೆಯ ಒಂದು ಕಂಬಕ್ಕೆ ಹಿಂದಿನ ಮದುವೆಯ ಥರ್ಮೋಕೋಲ್ ಹೃದಯ ಇನ್ನೂ ಅಂಟಿಕೊಂಡಿತ್ತು. ಅಧ್ಯಕ್ಷರ ತಲೆ ಇಡೀ ದಿನ ಅದರೊಳಗೆ ಸರಿಯಾಗಿ ಕೂತಿತ್ತು.

ಇನ್ನು ಶಿಲ್ಪ. ಸಾಂಪ್ರದಾಯಿಕ ವೀರಗಲ್ಲಿಗೆ ಮೂರು ಅಂತಸ್ತು. ಕೆಳಗಡೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಫ್ಲೆಕ್ಸಿನಲ್ಲಿ ಈ ವಿನ್ಯಾಸ ಚಾಚೂ ತಪ್ಪಿಲ್ಲ. ಸೂರ್ಯಚಂದ್ರರ ಜಾಗದಲ್ಲಿ ಒಂದು ಕಡೆ ಅಂಬೇಡ್ಕರ್, ಒಂದು ಕಡೆ ಬಸವಣ್ಣ; ನಡುವೆ ಇಕ್ಕಟ್ಟಿನಲ್ಲಿ ಪೆರಿಯಾರ್ ಮತ್ತು ಕುವೆಂಪು. ನಾಲ್ವರ ಮುಖವೂ ಒಂದು ರೂಪಾಯಿ ನಾಣ್ಯದಷ್ಟು. ಅವರ ಕೆಳಗೆ ಕೈಮುಗಿದು ನಿಂತ ಗೌರವಾಧ್ಯಕ್ಷರು ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು. ಅವರ ಎಡಬಲದಲ್ಲಿ ಅಪ್ಸರೆಯರ ಸ್ಥಾನದಲ್ಲಿ ಕಾರ್ಯದರ್ಶಿ ಮತ್ತು ಖಜಾಂಚಿ, ಇಬ್ಬರಿಗೂ ಮೀಸೆ. ಕೆಳಪಟ್ಟಿಯಲ್ಲಿ ಯುದ್ಧ: ದಾನಿಗಳ ಮೂವತ್ತಕ್ಕೂ ಹೆಚ್ಚು ಪಾಸ್‌ಪೋರ್ಟ್ ಫೋಟೋಗಳು ಒಂದನ್ನೊಂದು ತುಳಿಯುತ್ತಿವೆ. ಹಳೆಯ ವೀರ ತುರು ಕಾಯಲು ಹೋಗಿ ಸತ್ತ ಮೇಲೆ ಕಲ್ಲಾಗುತ್ತಿದ್ದ. ಹೊಸ ವೀರನಿಗೆ ಸಾಯುವ ಅಗತ್ಯವಿಲ್ಲ, ಮುಂಗಡ ಕೊಟ್ಟರೆ ಸಾಕು. ಇದನ್ನು ಪ್ರಗತಿ ಎನ್ನದೆ ಬೇರೇನೆನ್ನಬೇಕು?

ಶಾಸನಪಾಠಕ್ಕೆ ಬಂದರೆ ತೊಡಕು ಊರ ಹೆಸರಿನಲ್ಲೇ ಶುರುವಾಗುತ್ತದೆ. ಹೊಸತು, ಊರು, ಎರಡೂ ಸೇರಿ ಹೊಸೂರು ಎಂದು ಮಗುವೂ ಹೇಳುತ್ತದೆ. ಹಳಗನ್ನಡದ ಪೊಸ ಎಂಬುದೇ ಹೊಸ ಆದದ್ದು. ತಮಿಳು ಬರಹಕ್ಕೆ ಆ ಹಕಾರ ಬೇಡ. ನಾಮಫಲಕಗಳಲ್ಲಿ ಊರು ‘ಓಸೂರ್’ ಆಯಿತು. ಕನ್ನಡಿಗರು ರೊಚ್ಚಿಗೇಳಬಹುದಿತ್ತು. ಆದರೆ ತಳಿ, ದೇನ್ಕನಿಕೋಟೆ, ಅಂಚೆಟ್ಟಿ ಕಡೆಯ ನಮ್ಮ ರೈತರೂ ‘ಒಸೂರ್ಗೆ ಓಗ್ಬತ್ತೀನಿ’ ಎಂದೇ ಹೇಳುವವರು. ಎರಡು ಭಾಷೆಗಳ ನಡುವೆ ಯಾವ ಆಯೋಗವೂ ಇಲ್ಲದೆ, ಯಾವ ಬಸ್ಸಿಗೂ ಕಲ್ಲು ಬೀಳದೆ ಇತ್ಯರ್ಥವಾದ ಏಕೈಕ ಗಡಿವಿವಾದ ಇದು. ಆದರೆ ಫ್ಲೆಕ್ಸ್ ಅಂಗಡಿಯ ಹುಡುಗ ಈ ಒಪ್ಪಂದವನ್ನು ಸ್ವಲ್ಪ ಹಿಗ್ಗಿಸಿದ್ದ. ಶಾಸನದ ಮೊದಲ ಸಾಲು ಹೀಗಿತ್ತು: ‘ಮಾನವ ಅಕ್ಕುಗಳ ಸಮ್ಮೇಳನ’. ಇಂಥ ಹಕಾರಲೋಪಕ್ಕೆ ವ್ಯಾಕರಣದಲ್ಲಿ ಸೂತ್ರವಿಲ್ಲ. ಹಿಂದಿನ ಸಾಲಿನ ಒಬ್ಬ ಅಜ್ಜ ಮಾತ್ರ, ‘ಅಕ್ಕಂದಿರ ಸಭೆ ಅಂದ್ರು, ಒಬ್ಳೂ ಮೇಲಿಲ್ವಲ್ಲ’ ಎಂದು ಭಾಷ್ಯ ಬರೆದ. ಭಾಷ್ಯ ತಪ್ಪಿರಲಿಲ್ಲ. ವೇದಿಕೆ ಹತ್ತಿ ಇಳಿದ ಹೆಂಗಸರು ಇಬ್ಬರು; ಒಬ್ಬರು ಪ್ರಾರ್ಥನೆಗೆ, ಒಬ್ಬರು ಆರತಿ ತಟ್ಟೆಗೆ.

ಎರಡನೆಯ ಸಾಲು ತಮಿಳಿನದು, ‘ಸಮೂಗ ನೀದಿ ಮಾನಾಡು’. ಮಾನಾಡು ಎಂದರೆ ಸಮ್ಮೇಳನ. ಇದು ಕನ್ನಡದ ‘ಮಾತಾಡು’ ಎಂಬ ಕ್ರಿಯಾಪದದಿಂದ ಹುಟ್ಟಿರಬೇಕೆಂಬುದು ನನ್ನ ಊಹೆ. ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ, ಆ ದಿನ ಅಲ್ಲಿ ಕೂತಿದ್ದವರೆಲ್ಲ ಒಪ್ಪುತ್ತಾರೆ. ಇದಕ್ಕಿಂತ ಗಹನವಾದದ್ದು ‘ನೀದಿ’. ತಮಿಳಿನಲ್ಲಿ ಅದರ ಅರ್ಥ ನ್ಯಾಯ. ಕನ್ನಡದ ಕಿವಿಗೆ ಬೀಳುವುದು ನೀತಿ. ‘ಸಮೂಹಕ್ಕೆ ನೀತಿ ಹೇಳುವ ಸಭೆ’ ಎಂದು ತಿಳಿದು ಬಂದ ಕನ್ನಡಿಗರಿಗೆ ಸಂಜೆಯವರೆಗೂ ಅದೇ ಸಿಕ್ಕಿತು. ನ್ಯಾಯ ಕೇಳಿ ಬಂದ ತಮಿಳರಿಗೆ ಅನುವಾದದಲ್ಲಿ ಏನೋ ಕಳೆದುಹೋದಂತಾಯಿತು.

ಪ್ರಾರ್ಥನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲು ತಮಿಳ್ ತಾಯ್ ವಾಳ್ತು, ಆಮೇಲೆ ನಮ್ಮ ನಾಡಗೀತೆ. ತಮಿಳ್ ತಾಯ್ ವಾಳ್ತು ಸುಂದರಂ ಪಿಳ್ಳೆಯವರ ‘ಮನೋನ್ಮಣೀಯಂ’ ನಾಟಕದಿಂದ ಆಯ್ದದ್ದು. ಕನ್ನಡ, ತೆಲುಗು, ಮಲಯಾಳ, ತುಳು ನಾಲ್ಕೂ ತಮಿಳಿನ ಹೊಟ್ಟೆಯಲ್ಲೇ ಹುಟ್ಟಿದವು ಎಂದು ಮೂಲದಲ್ಲಿ ಬರುತ್ತದೆ. ಸರ್ಕಾರ ಹಾಡಿಸುವ ಪಾಠದಲ್ಲಿ ಆ ಭಾಗ ಬಿಟ್ಟಿದೆ. ಬೇಡದ್ದನ್ನು ಹಾಡದೆ ಬಿಡುವುದೂ ಒಂದು ಮಾನವ ಹಕ್ಕಿನ ಕೆಲಸವೇ. ಭಾಷಣಕಾರರು ಇದನ್ನು ಗಮನಿಸಿದ್ದರೆ ಸಭೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು.

ಕುರ್ಚಿಶಾಸ್ತ್ರ. ಘೋಷಣೆಯ ಒಂದನೆಯ ವಿಧಿ, ಎಲ್ಲರೂ ಘನತೆಯಲ್ಲಿ ಸಮಾನರಾಗಿ ಹುಟ್ಟುತ್ತಾರೆ ಎನ್ನುತ್ತದೆ. ಕೂರುವುದರ ಬಗ್ಗೆ ಅದು ಏನೂ ಹೇಳುವುದಿಲ್ಲ, ಸಂಘಟಕರು ಹಿಡಿದದ್ದು ಈ ಸಂದನ್ನೇ. ಟರ್ಕಿ ಟವೆಲು ಹೊದ್ದ ಸೋಫಾ, ಕೈಯಿರುವ ಪ್ಲಾಸ್ಟಿಕ್ ಕುರ್ಚಿ, ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ, ಜಮಖಾನ, ಬಾಗಿಲ ಕಂಬ: ಇವೇ ಪಂಚವರ್ಣಗಳು. ಗುಲಾಬಿ ತೋಟದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಟೆಂಪೋದಲ್ಲಿ ಬಂದಿದ್ದರು. ಫೆಬ್ರವರಿ 14ಕ್ಕೆ ಅವರು ಕೊಯ್ದ ಹೂವು ವಿಮಾನ ಹತ್ತುತ್ತದೆ. ಅವರು ಹತ್ತಿದ್ದು ಜಮಖಾನ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಗುತ್ತಿಗೆ ಕಾರ್ಮಿಕರು ರಾತ್ರಿಪಾಳಿ ಮುಗಿಸಿ ಬಂದು ಕಂಬಕ್ಕೊರಗಿ ಇಪ್ಪತ್ತನಾಲ್ಕನೆಯ ವಿಧಿಯನ್ನು, ಅಂದರೆ ವಿಶ್ರಾಂತಿಯ ಹಕ್ಕನ್ನು, ಬಾಯ್ತೆರೆದು ಚಲಾಯಿಸುತ್ತಿದ್ದರು. ಇಡೀ ದಿನದಲ್ಲಿ ಘೋಷಣೆಯ ಮೂವತ್ತು ವಿಧಿಗಳ ಪೈಕಿ ಪೂರ್ತಿ ಜಾರಿಗೆ ಬಂದದ್ದು ಅದೊಂದೇ. ಚಿತ್ರಹಿಂಸೆಯನ್ನು ನಿಷೇಧಿಸುವ ಐದನೆಯದು ಅಧ್ಯಕ್ಷ ಭಾಷಣದ ಐವತ್ತನೇ ನಿಮಿಷಕ್ಕೆ ಉಲ್ಲಂಘನೆಯಾಯಿತು.

ಶಾಲುಗಳನ್ನು ಬೇಗ ಮುಗಿಸುತ್ತೇನೆ. ಕರ್ನಾಟಕದಿಂದ ಬಂದವರಿಗೆ ತಮಿಳುನಾಡಿನ ಪೊನ್ನಾಡೈ, ತಮಿಳುನಾಡಿನವರಿಗೆ ಮೈಸೂರು ಪೇಟ. ಒಂದೇ ಶಾಲು ಮೂರು ಹೆಗಲು ಸುತ್ತಿ ಮತ್ತೆ ತಟ್ಟೆಗೆ ಮರಳಿದ್ದನ್ನು ನೋಡಿದೆ. ಸಂಪತ್ತಿನ ಮರುಹಂಚಿಕೆಯ ತತ್ತ್ವ ಕಣ್ಣೆದುರು ಕಂಡದ್ದು ಅಷ್ಟೇ.

ಈಗ ಶಾಸನದಲ್ಲಿ ಎಲ್ಲೂ ಹೆಸರಿಲ್ಲದ ಒಬ್ಬರ ವಿಚಾರ. ಅವರು ನಿವೃತ್ತ ಕನ್ನಡ ಮೇಷ್ಟ್ರು. ಅವರ ಅಪ್ಪ ಜಗುಲಿಯಿಂದ ಇಳಿಯದೆಯೇ ಸೇಲಂ, ಧರ್ಮಪುರಿ, ಕೃಷ್ಣಗಿರಿ ಎಂಬ ಮೂರು ಜಿಲ್ಲೆ ಸುತ್ತಿದವರು: 1965ರಲ್ಲಿ ಸೇಲಂ ಒಡೆದು ಧರ್ಮಪುರಿ, 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ. ನಡುವೆ 1969ರಲ್ಲಿ ಮದ್ರಾಸ್ ರಾಜ್ಯದ ಹೆಸರು ತಮಿಳುನಾಡು ಆಯಿತು. ಇಷ್ಟಾದರೂ ಜಗುಲಿಯ ಮಾತು ಕನ್ನಡವೇ ಉಳಿದದ್ದು ಆಡಳಿತದ ಕಣ್ತಪ್ಪಿರಬೇಕು. ಮೇಷ್ಟ್ರ ಜೇಬಿನಲ್ಲಿ ಒಂದು ಮನವಿ ಪತ್ರವಿತ್ತು. ಕೇಳಿದ್ದು ಎರಡೇ: ತಮ್ಮ ಊರಿನ ಶಾಲೆಯಲ್ಲಿ ಖಾಲಿ ಬಿದ್ದ ಕನ್ನಡ ಮೇಷ್ಟ್ರ ಜಾಗ ತುಂಬಬೇಕು, ಕನ್ನಡದ ಪಠ್ಯಪುಸ್ತಕ ಶಾಲೆ ತೆರೆದ ತಿಂಗಳಲ್ಲೇ ಬರಬೇಕು.

ಇದಕ್ಕೆ ಅವರು ಸಂವಿಧಾನದ 350ಎ ವಿಧಿಯನ್ನು ಉಲ್ಲೇಖಿಸಿದ್ದರು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ಕತ್ತರಿಸುವಾಗ, ಗೆರೆಯ ಈಚೆ ಆಚೆ ಉಳಿದ ಮಕ್ಕಳ ಗತಿಯೇನೆಂದು ಯೋಚಿಸಿ ಏಳನೆಯ ತಿದ್ದುಪಡಿಯಲ್ಲಿ ಸೇರಿಸಿದ ವಿಧಿ ಅದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಪ್ರಯತ್ನಿಸು ಎಂಬ ಧಾತುವನ್ನು ಗಮನಿಸಬೇಕು. ಉಣ್ಣು, ಕೊಡು, ಮಾಡು ಎಂಬವಕ್ಕೆಲ್ಲ ಭೂತಕಾಲವಿದೆ. ಸರ್ಕಾರಿ ಕನ್ನಡದಲ್ಲೂ ಸರ್ಕಾರಿ ತಮಿಳಿನಲ್ಲೂ ಇದೊಂದು ಧಾತು ಭವಿಷ್ಯತ್ತಿನಲ್ಲೇ ರೂಪಗೊಳ್ಳುತ್ತದೆ. ಮೇಲಾಗಿ 2006ರ ತಮಿಳು ಕಲಿಕೆ ಕಾಯಿದೆಯಿಂದ ಒಂದನೆಯ ತರಗತಿಯಿಂದ ಮೊದಲುಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಯಿತು. ತಮಿಳುನಾಡಿನಲ್ಲಿ ತಮಿಳು ಕಲಿಯಬೇಡಿ ಎಂದು ಮೇಷ್ಟ್ರು ಯಾವತ್ತೂ ಹೇಳಿದವರಲ್ಲ. ಅವರು ತಮಿಳು ಪತ್ರಿಕೆ ಓದದೆ ಕಾಫಿ ಕುಡಿಯುವುದಿಲ್ಲ. ಕನ್ನಡ, ತೆಲುಗು, ಉರ್ದು ಮಕ್ಕಳಿಗೆ ಪರೀಕ್ಷೆಯಲ್ಲಿ ವಿನಾಯಿತಿ ಬೇಕೆಂಬ ವ್ಯಾಜ್ಯ ಮದ್ರಾಸ್ ಹೈಕೋರ್ಟು ಹತ್ತಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೇಷ್ಟ್ರ ಕೋರಿಕೆ ಅಷ್ಟು ದೂರದ್ದಲ್ಲ. ಪಾಠ ಮಾಡಲು ಒಬ್ಬರು, ಓದಲು ಒಂದು ಪುಸ್ತಕ.

ಕಾರ್ಯಕ್ರಮ ಪಟ್ಟಿಯಲ್ಲಿ ‘ಮನವಿ ಸಲ್ಲಿಕೆ’ ವಂದನಾರ್ಪಣೆಗೂ ಊಟಕ್ಕೂ ನಡುವಿನ ಸ್ಥಾನದಲ್ಲಿತ್ತು. ಅನ್ನದ ವಾಸನೆ ಬಂದ ಮೇಲೆ ಹಕ್ಕು ಕೇಳುವವನು ಧೀರನೇ ಸರಿ. ಮೇಷ್ಟ್ರು ಮೊದಲು ಚೆನ್ನೈ ಕಡೆಯ ಅತಿಥಿಗೆ ಪತ್ರ ಕೊಟ್ಟರು. ಅವರು ಹಾಳೆಯನ್ನು ಎರಡು ಬಗೆಯಲ್ಲಿ ತಿರುಗಿಸಿ ನೋಡಿ ವಿನಯದಿಂದಲೇ, ‘ತಮಿಳ್ಲ ಎಳುದಿ ಕುಡುಂಗ ಸಾರ್’ ಎಂದರು. ಮೇಷ್ಟ್ರು ಬೆಂಗಳೂರಿನ ಅತಿಥಿಯ ಕಡೆ ತಿರುಗಿದರು. ಅವರು ಪೂರ್ತಿ ಓದಿ ಕಣ್ಣೊರೆಸಿಕೊಂಡು, ‘ಎಂಥ ಕನ್ನಡ ಮೇಷ್ಟ್ರೇ! ನಮ್ಮೂರಲ್ಲಿ ಈ ಕನ್ನಡ ಎಲ್ಲಿದೆ? ಇದನ್ನ ಚೆನ್ನೈಗೆ ಕಳಿಸಿ’ ಎಂದರು. ಮೂರನೆಯ ಅತಿಥಿ ಮಾನವ ಹಕ್ಕುಗಳ ತಜ್ಞರು. ಅವರು ಪತ್ರದ ಫೋಟೋ ತೆಗೆದುಕೊಂಡರು, ಮೇಷ್ಟ್ರ ಜತೆ ಒಂದು ಸೆಲ್ಫಿಯನ್ನೂ. ಮೇಷ್ಟ್ರು ಮಂಟಪದ ಮೆಟ್ಟಿಲ ಮೇಲೆ ಕೂತು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಇಡೀ ಮನವಿಯನ್ನು ಚಂದದ ತಮಿಳಿಗೆ ಇಳಿಸಿದರು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಚೆನ್ನೈ ಅತಿಥಿಯ ಕಾರು ಕೃಷ್ಣಗಿರಿಯ ಟೋಲ್ ದಾರಿ ಹಿಡಿದಿತ್ತು, ಬೆಂಗಳೂರಿನವರದು ಅತ್ತಿಬೆಲೆ ದಾಟಿತ್ತು. ಊಟದ ಮನೆಯಲ್ಲಿ ಮುದ್ದೆ ಮುಗಿದು ಮೊಸರನ್ನ ಮಾತ್ರ ಉಳಿದಿತ್ತು.

ಇಲ್ಲಿ ಪೂರ್ವಪಕ್ಷದವರು ಕೇಳಬಹುದು: ಹಾಗಾದರೆ ಆ ಸಮ್ಮೇಳನದಿಂದ ಯಾರಿಗೂ ಏನೂ ದಕ್ಕಲಿಲ್ಲವೆ? ದಕ್ಕಿತು. ಸಂಜೆ ಮಂಟಪ ಗುಡಿಸಲು ಬಂದ ಅಜ್ಜಿ ಫ್ಲೆಕ್ಸನ್ನು ಬಹಳ ಹೊತ್ತು ನೋಡಿ, ಕಾರ್ಯದರ್ಶಿಯಿಂದ ನಾಲ್ಕಡಿ ದೂರದಲ್ಲಿ ನಿಂತು, ‘ಸಾಮೀ, ಇದು ನಿಮಗ್ ಬ್ಯಾಡಂದ್ರೆ ನಾನ್ ಎತ್ಕೊಂಡ್ ಓಗ್ಲಾ?’ ಎಂದು ಕೇಳಿದರು. ಕಾರ್ಯದರ್ಶಿ ಫೋನಿನಿಂದ ಕಣ್ಣೆತ್ತದೆ ತಲೆಯಾಡಿಸಿದರು. ದಿನವಿಡೀ ಬಂದ ಕೋರಿಕೆಗಳಲ್ಲಿ ಅಲ್ಲೇ ಮಂಜೂರಾದದ್ದು ಇದೊಂದೇ. ಆ ನಾಲ್ಕಡಿ ದೂರವನ್ನು ನಾನು ಅಳತೆ ಮಾಡಿಕೊಂಡಿದ್ದೇನೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ ಎಂದು ಅದೇ ಕಾರ್ಯದರ್ಶಿ ಬೆಳಗ್ಗೆ ಸ್ವಾಗತ ಭಾಷಣದಲ್ಲಿ ಹೇಳಿದ್ದರು.

ವಾಡಿಕೆಯಂತೆ ಶಾಸನದ ಈಗಿನ ನೆಲೆ ಮತ್ತು ಸ್ಥಿತಿ ದಾಖಲಿಸುತ್ತೇನೆ. ನೆಲೆ: ತಳಿ ರಸ್ತೆಯ ಒಂದು ಹಳ್ಳಿಯಲ್ಲಿ ಅಜ್ಜಿಯ ಮಗನ ಕಣ, ರಾಗಿ ಮೆದೆಯ ಮೇಲೆ. ಸ್ಥಿತಿ: ಉತ್ತಮ. ಗೌರವಾಧ್ಯಕ್ಷರು ತಲೆಕೆಳಗಾಗಿ ಮಲಗಿದ್ದಾರೆ, ಹಗ್ಗ ಕಟ್ಟಲು ಕಾರ್ಯದರ್ಶಿಯ ಕಿವಿಯ ಬಳಿ ಒಂದು ತೂತು ಬಿದ್ದಿದೆ. ಇಬ್ಬನಿ ಒಳಗಿಳಿದಿಲ್ಲ. ಮೇಷ್ಟ್ರ ಮನವಿ ಎರಡು ಪ್ರತಿಗಳಲ್ಲಿದೆ, ಕನ್ನಡದ್ದೊಂದು, ತಮಿಳಿನದೊಂದು. ಎರಡೂ ಅವರ ಅಂಗಿಯ ಜೇಬಿನಲ್ಲೇ ಇವೆ. ತೆಗೆದುಕೊಳ್ಳುವ ಅಧಿಕಾರವಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಮೇಷ್ಟ್ರು ಬೆಳಗ್ಗೆ ಎಂಟಕ್ಕೆ ಹೊಸೂರು ಬಸ್ ಸ್ಟಾಂಡಿನ ಹತ್ತಿರ ಟೀ ಅಂಗಡಿಯಲ್ಲಿ ತಮಿಳು ಪತ್ರಿಕೆ ಓದುತ್ತಾ ಕೂತಿರುತ್ತಾರೆ.